‘ಮೆಮೊರಿ ಫುಲ್’ ಅಂದರೆ ಯಾವ ಮೆಮೊರಿ? ಬಸ್ ಮಾಡ್ ಆಟಗಳು, ತುಂಬಿದ ಡಿಸ್ಕ್ ಮತ್ತು 2 ಟಿಬಿ ಪೆನ್‌ಡ್ರೈವ್‌ನ ಸುಳ್ಳು

ಕಂಪ್ಯೂಟರ್‌ನಲ್ಲಿ ಆಟ ಅರ್ಧಕ್ಕೇ ನಿಂತು ‘ಔಟ್ ಆಫ್ ಮೆಮೊರಿ’ ಎಂದು ತೋರಿಸಿದರೆ ಫೋಟೋ, ವಿಡಿಯೋಗಳನ್ನು ತೆಗೆದುಹಾಕಿ, ಮೆಮೊರಿ ಖಾಲಿಯಾಗುತ್ತದೆ. ರ‍್ಯಾಮ್ ಕಡಿಮೆ ಇದ್ದರೆ ಇಂಥ ಆ್ಯಪ್ ಹಾಕಿಕೊಳ್ಳಿ, ದುಪ್ಪಟ್ಟಾಗುತ್ತದೆ. ಜಾಗ ಸಾಲದಿದ್ದರೆ ಕೆಲವೇ ನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಸಿಗುತ್ತದೆ. ಈ ಧಾಟಿಯ ಸಂದೇಶಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ನೀವೂ ಯಾರಿಗಾದರೂ ಕಳಿಸಿರಬಹುದು.

ಇವುಗಳಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ, ಯಾವುದು ಶುದ್ಧ ಸುಳ್ಳು? ಇದನ್ನು ಬರೆಯಲು ನಮಗೆ ಒಂದು ಕಾರಣವಿದೆ. ಅದು ನಮ್ಮ ಮನೆಯದೇ ಕಥೆ.

ಹರಿಹರದ ಮನೆಯಲ್ಲಿ ನಡೆದದ್ದು

ನಮ್ಮ ಚಿಕ್ಕಪ್ಪನ ಮಗ ಹರಿಹರದಿಂದ ದಾವಣಗೆರೆಗೆ ದಿನವೂ ಬಸ್ಸಿನಲ್ಲಿ ಹೋಗಿ ಬಂದು ಡಿಪ್ಲೊಮಾ ಓದುವ ಹುಡುಗ. ಸುಮಾರು 14 ಕಿಲೋಮೀಟರ್ ದಾರಿ. ಬಸ್ಸೆಂದರೆ ಅವನಿಗೆ ಹುಚ್ಚು. ಹರಿಹರದಲ್ಲಿ ಬೆಳೆದ ಹುಡುಗರಿಗೆ ಈ ಹುಚ್ಚು ಹಿಡಿಯುವುದು ಸಹಜ. ಇಲ್ಲಿ ಕೆಎಸ್‌ಆರ್‌ಟಿಸಿ ಬಸ್ಸು, ತುಂಗಭದ್ರೆಯ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ, ಅಲ್ಲಿ ವಾಯವ್ಯ ಸಾರಿಗೆಯ ಬಸ್ಸು, ನಡುವೆ ಖಾಸಗಿ ಬಸ್ಸುಗಳು. ಒಂದೊಂದಕ್ಕೂ ಒಂದೊಂದು ಬಣ್ಣ, ಒಂದೊಂದು ಹಾರ್ನು.

ಮನೆಯ ಲ್ಯಾಪ್‌ಟಾಪಿನಲ್ಲಿ ಅವನು ಆಡುವುದು ‘ಯೂರೋ ಟ್ರಕ್ ಸಿಮ್ಯುಲೇಟರ್ 2’. ಜೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್ ಎಂಬ ಕಂಪನಿ 2012ರಲ್ಲಿ ಬಿಡುಗಡೆ ಮಾಡಿದ ಆಟ ಅದು. ಅದರಲ್ಲಿ ಮೂಲತಃ ಇರುವುದು ಯುರೋಪಿನ ಲಾರಿಗಳು, ಯುರೋಪಿನ ರಸ್ತೆಗಳು. ಆದರೆ ಆಟಗಾರರು ತಾವೇ ಮಾಡಿದ ವಾಹನ, ರಸ್ತೆ, ಬಣ್ಣ, ಸದ್ದುಗಳನ್ನು ಅದಕ್ಕೆ ಸೇರಿಸಿಕೊಳ್ಳಬಹುದು. ಹೀಗೆ ಸೇರಿಸುವ ಕಡತಗಳಿಗೇ ‘ಮಾಡ್’ ಎನ್ನುವುದು. ಕರ್ನಾಟಕ ಸಾರಿಗೆಯ ಕೆಂಪು ಬಸ್ಸು, ರಾಜಹಂಸ, ಐರಾವತ ಎಲ್ಲವೂ ಮಾಡ್ ರೂಪದಲ್ಲಿ ಸಿಗುತ್ತವೆ. ಇಂಡೋನೇಷ್ಯಾದ ಮಾಲಿಯೊ ಕಂಪನಿಯ ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’ ಎಂಬ ಮೊಬೈಲ್ ಆಟದಲ್ಲೂ ಇದೇ ವ್ಯವಸ್ಥೆ ಇದೆ. ನಮ್ಮ ಊರುಗಳ ಹುಡುಗರ ಮೊಬೈಲಿನಲ್ಲಿ ಅದು ‘ಬಸ್ಸಿಡ್’.

ಒಂದು ದಿನ ಹುಡುಗನ ಆಟ ನಿಂತಿತು. ಪರದೆಯ ಮೇಲೆ ‘ಔಟ್ ಆಫ್ ಮೆಮೊರಿ’. ಗುಂಪಿನಲ್ಲಿ ಬಂದ ಫಾರ್ವರ್ಡ್ ನೋಡಿ, ಲ್ಯಾಪ್‌ಟಾಪಿನಲ್ಲಿದ್ದ ಮನೆಯ ಫೋಟೋ, ವಿಡಿಯೋಗಳನ್ನೆಲ್ಲ ಅಗ್ಗಕ್ಕೆ ಸಿಕ್ಕ 2 ಟಿಬಿ ಪೆನ್‌ಡ್ರೈವಿಗೆ ಹಾಕಿದ. ಹೆಸರುಗಳೆಲ್ಲ ಕಾಣಿಸಿದವು. ಲ್ಯಾಪ್‌ಟಾಪಿನಿಂದ ಅಳಿಸಿದ. ಆಟ ಮತ್ತೆ ಓಡಿತು. ಫಾರ್ವರ್ಡ್ ಹೇಳಿದ್ದು ನಿಜ ಎಂದುಕೊಂಡು ಅವನೂ ನಾಲ್ಕು ಗುಂಪಿಗೆ ಕಳಿಸಿದ.

ಎರಡು ತಿಂಗಳ ಮೇಲೆ ಅಜ್ಜನ ಮೊದಲ ವರ್ಷದ ಪುಣ್ಯಸ್ಮರಣೆಗೆ ಫೋಟೋ ಬೇಕಾಯಿತು. ಪೆನ್‌ಡ್ರೈವ್ ಹಾಕಿದರೆ ಫೋಲ್ಡರ್ ಇದೆ, ಹೆಸರಿದೆ, ಗಾತ್ರವೂ ಇದೆ. ಒತ್ತಿದರೆ ಒಂದೂ ತೆರೆಯುತ್ತಿಲ್ಲ. “ಅಜ್ಜಂದು ಒಂದ್ ಫೋಟೋನೂ ಬರ್ತಿಲ್ವಲ್ಲೋ” ಎಂದು ಚಿಕ್ಕಮ್ಮ ಕೂತುಬಿಟ್ಟರು.

ಹುಡುಗನದು ದಡ್ಡತನವಲ್ಲ. ‘ಮೆಮೊರಿ’ ಎಂಬ ಒಂದೇ ಪದವನ್ನು ನಾವೆಲ್ಲ ಎರಡು ಬೇರೆ ವಸ್ತುಗಳಿಗೆ ಬಳಸುತ್ತೇವೆ. ಗೊಂದಲ ಹುಟ್ಟುವುದೇ ಅಲ್ಲಿ.

ಒಂದೇ ಹೆಸರು, ಎರಡು ವಸ್ತು

ಕಂಪ್ಯೂಟರ್, ಮೊಬೈಲ್ ಎರಡರಲ್ಲೂ ಎರಡು ಬಗೆಯ ಜಾಗಗಳಿವೆ.

ಮೊದಲನೆಯದು ಸ್ಟೋರೇಜ್. ಹಾರ್ಡ್‌ ಡಿಸ್ಕ್, ಎಸ್‌ಎಸ್‌ಡಿ, ಮೆಮೊರಿ ಕಾರ್ಡ್, ಪೆನ್‌ಡ್ರೈವ್ ಇವೆಲ್ಲ ಇದರಲ್ಲಿ ಬರುತ್ತವೆ. ಕರೆಂಟ್ ಹೋದರೂ ಇಲ್ಲಿಟ್ಟದ್ದು ಉಳಿಯುತ್ತದೆ. ಫೋಟೋ, ಆಟ, ಮಾಡ್ ಎಲ್ಲ ಇರುವುದು ಇಲ್ಲಿ.

ಎರಡನೆಯದು ರ‍್ಯಾಮ್. ಈಗ, ಈ ಕ್ಷಣ ಓಡುತ್ತಿರುವ ಕೆಲಸಕ್ಕೆ ಬೇಕಾದ್ದು ಮಾತ್ರ ಇಲ್ಲಿ ಬಂದು ಕೂರುತ್ತದೆ. ಕಂಪ್ಯೂಟರ್ ಆರಿಸಿದರೆ ಇದು ಖಾಲಿ.

ಬಸ್ಸಿನ ಲೆಕ್ಕದಲ್ಲೇ ಹೇಳುವುದಾದರೆ ಸ್ಟೋರೇಜ್ ಎಂದರೆ ಡಿಪೋ, ರ‍್ಯಾಮ್ ಎಂದರೆ ಬಸ್ ನಿಲ್ದಾಣದ ಪ್ಲಾಟ್‌ಫಾರಂ. ಡಿಪೋದಲ್ಲಿ ನೂರು ಬಸ್ಸು ನಿಂತಿರಬಹುದು, ಪ್ಲಾಟ್‌ಫಾರಂನಲ್ಲಿ ಒಮ್ಮೆಗೆ ನಿಲ್ಲುವುದು ಹತ್ತೋ ಹದಿನೈದೋ. ಪ್ಲಾಟ್‌ಫಾರಂ ಗಿಜಿಗುಟ್ಟುತ್ತಿದೆ ಎಂದು ಡಿಪೋದಲ್ಲಿ ಸುಮ್ಮನೆ ನಿಂತ ಬಸ್ಸನ್ನು ಗುಜರಿಗೆ ಹಾಕಿದರೆ ಏನು ಬಂತು?

ಡಿಸ್ಕಿನಲ್ಲಿ ಸುಮ್ಮನೆ ಬಿದ್ದಿರುವ ಫೋಟೋ ರ‍್ಯಾಮ್‌ನಲ್ಲಿ ಒಂದು ಚೂರೂ ಜಾಗ ತಿನ್ನುವುದಿಲ್ಲ. ಹಾಗಾದರೆ ಫೋಟೋ ಅಳಿಸಿದ ಮೇಲೆ ಹುಡುಗನ ಆಟ ಓಡಿದ್ದು ಹೇಗೆ?

ಡಿಸ್ಕ್ ತುಂಬಿದರೆ ರ‍್ಯಾಮ್‌ಗೆ ಏನು ಕಷ್ಟ?

ಇಲ್ಲೇ ಅರ್ಧ ನಿಜ ಅಡಗಿರುವುದು. ರ‍್ಯಾಮ್ ತುಂಬುತ್ತಾ ಬಂದಾಗ ವಿಂಡೋಸ್ ಒಂದು ಉಪಾಯ ಮಾಡುತ್ತದೆ. ಸದ್ಯಕ್ಕೆ ಬೇಡದ ಭಾಗವನ್ನು ಡಿಸ್ಕಿನಲ್ಲಿರುವ ‘ಪೇಜ್ ಫೈಲ್’ ಎಂಬ ಕಡತಕ್ಕೆ ಸಾಗಿಸುತ್ತದೆ. ಕಾರ್ಯಕ್ರಮಗಳಿಗೆ ಎಷ್ಟು ಮೆಮೊರಿ ಕೊಡುತ್ತೇನೆಂದು ವಿಂಡೋಸ್ ಮಾತು ಕೊಡಬಹುದೋ, ಅದರ ಮಿತಿ ಸುಮಾರಾಗಿ ರ‍್ಯಾಮ್ ಮತ್ತು ಪೇಜ್ ಫೈಲ್ ಎರಡನ್ನೂ ಕೂಡಿದಷ್ಟು. ಸಾಮಾನ್ಯವಾಗಿ ಪೇಜ್ ಫೈಲಿನ ಗಾತ್ರವನ್ನು ವಿಂಡೋಸ್ ತಾನೇ ಬೇಕಾದಂತೆ ಹಿಗ್ಗಿಸಿಕೊಳ್ಳುತ್ತದೆ. ಡಿಸ್ಕ್‌ನಲ್ಲಿ ಜಾಗವೇ ಇಲ್ಲದಿದ್ದರೆ ಹಿಗ್ಗುವುದೆಲ್ಲಿಗೆ? ಆಗ ಮಿತಿ ಬೇಗ ಮುಟ್ಟುತ್ತದೆ, ಆಟ ಕೇಳಿದ ಮೆಮೊರಿ ಸಿಗುವುದಿಲ್ಲ, ‘ಔಟ್ ಆಫ್ ಮೆಮೊರಿ’ ಬರುತ್ತದೆ.

ನಮ್ಮ ಹುಡುಗನ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಸಿ ಡ್ರೈವಿನಲ್ಲಿ ಉಳಿದದ್ದು 3 ಜಿಬಿ. ಫೋಟೋ ಅಳಿಸಿದ ಕೂಡಲೇ ಪೇಜ್ ಫೈಲಿಗೆ ಹಿಗ್ಗಲು ಜಾಗ ಸಿಕ್ಕಿತು, ಆಟ ಓಡಿತು. ಅಂದರೆ ಬೇಕಾಗಿದ್ದದ್ದು ಖಾಲಿ ಜಾಗ. ಅದಕ್ಕೆ ಫೋಟೋಗಳೇ ಹೋಗಬೇಕಿರಲಿಲ್ಲ. ಆಮೇಲೆ ನಾವು ಕೂತು ನೋಡಿದಾಗ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ 22 ಜಿಬಿಯಷ್ಟು ಮಾಡ್‌ಗಳ ಜಿಪ್ ಕಡತಗಳಿದ್ದವು. ಅವೇ ಮಾಡ್‌ಗಳು ಬಿಚ್ಚಿದ ರೂಪದಲ್ಲಿ ಆಟದ ಫೋಲ್ಡರಿನಲ್ಲಿ ಇನ್ನೊಮ್ಮೆ ಇದ್ದವು. ಆ ಜಿಪ್‌ಗಳನ್ನು ಅಳಿಸಿದ್ದರೆ ಸಾಕಿತ್ತು.

ಸಣ್ಣ ಮಾಡ್ ದೊಡ್ಡ ಜಾಗ ತಿನ್ನುವುದೇಕೆ?

“ಬಸ್ ಮಾಡ್ ಇರೋದೇ 80 ಎಂಬಿ, ಅದಕ್ಕೆ 8 ಜಿಬಿ ರ‍್ಯಾಮ್ ಸಾಲಲ್ವಾ?” ಎಂದು ಕೇಳುವವರಿದ್ದಾರೆ. ದಾವಣಗೆರೆಯವರಿಗೆ ಇದನ್ನು ವಿವರಿಸುವುದು ಸುಲಭ. ಮಂಡಕ್ಕಿ ಭಟ್ಟಿ ನೋಡಿದ್ದೀರಲ್ಲ? ಹುರಿಯುವ ಮುಂಚೆ ಅಕ್ಕಿ ಒಂದು ಸಣ್ಣ ಚೀಲ. ಹುರಿದು ಅರಳಿದ ಮೇಲೆ ಅದೇ ಅಕ್ಕಿಗೆ ಹಲವು ಚೀಲ ಬೇಕು.

ಕಡತವೂ ಹಾಗೆ. ಡಿಸ್ಕಿನಲ್ಲಿ ಅದನ್ನು ಒತ್ತಿ ಕುಗ್ಗಿಸಿ ಇಟ್ಟಿರುತ್ತಾರೆ. ಆಟಕ್ಕೆ ಬೇಕಾದಾಗ ಅದು ಅರಳಬೇಕು. ಲೆಕ್ಕ ನೋಡಿ. ಬಸ್ಸಿನ ಮೈಮೇಲಿನ ಬಣ್ಣ, ಬರಹದ ಚಿತ್ರಕ್ಕೆ ‘ಟೆಕ್ಸ್ಚರ್’ ಎನ್ನುತ್ತಾರೆ. 4096 × 4096 ಚುಕ್ಕಿಗಳ ಒಂದು ಟೆಕ್ಸ್ಚರ್‌ನಲ್ಲಿ ಸುಮಾರು 1 ಕೋಟಿ 68 ಲಕ್ಷ ಚುಕ್ಕಿಗಳಿರುತ್ತವೆ. ಪ್ರತಿ ಚುಕ್ಕಿಗೆ 4 ಬೈಟ್. ಒಟ್ಟು 64 ಎಂಬಿ. ಡಿಸ್ಕಿನಲ್ಲಿ ಇದೇ ಚಿತ್ರ ಕುಗ್ಗಿಸಿದ ರೂಪದಲ್ಲಿ ನಾಲ್ಕೈದು ಎಂಬಿ ಇರಬಹುದು. ದೂರದಿಂದ ನೋಡಿದಾಗ ಬಳಸುವ ಸಣ್ಣ ಪ್ರತಿಗಳೂ ಸೇರಿದರೆ ಮೂರನೇ ಒಂದರಷ್ಟು ಹೆಚ್ಚಾಗಿ 85 ಎಂಬಿ ದಾಟುತ್ತದೆ.

ಅದೇ ಚಿತ್ರವನ್ನು ಗ್ರಾಫಿಕ್ಸ್ ಚಿಪ್ ಬಿಚ್ಚದೆ ನೇರವಾಗಿ ಓದಬಲ್ಲ ರೀತಿಯಲ್ಲಿ ಕುಗ್ಗಿಸಿದ್ದರೆ 64ರ ಬದಲು 16 ಅಥವಾ 8 ಎಂಬಿಯಲ್ಲೇ ಮುಗಿಯುತ್ತದೆ. ಉದ್ದ ಅಗಲ ಅರ್ಧ ಮಾಡಿ 2048 × 2048 ಇಟ್ಟರೆ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ. ಅನುಭವಿ ಮಾಡ್‌ಗಾರರು ಇದನ್ನೆಲ್ಲ ನೋಡಿಕೊಂಡು ಮಾಡುತ್ತಾರೆ. ಹೊಸಬರು ಸೀಟಿನ ಬಟ್ಟೆಗೂ, ಚಾಲಕನ ಮುಂದಿನ ಹೂವಿನ ಹಾರಕ್ಕೂ 4096ರ ಚಿತ್ರ ಹಾಕಿಬಿಡುತ್ತಾರೆ. ಅಂಥ ಹತ್ತು ಬಸ್ಸುಗಳು ರಸ್ತೆಯ ಮೇಲೆ ಒಮ್ಮೆಗೇ ಎದುರಾದರೆ ಲ್ಯಾಪ್‌ಟಾಪ್ ಏದುಸಿರು ಬಿಡದೆ ಇನ್ನೇನು ಮಾಡೀತು?

ಇನ್ನೊಂದು ಮಾತು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಚಿತ್ರಗಳಿಗೆ ಬೇಕಾದ ಜಾಗವೂ ಇದೇ ರ‍್ಯಾಮ್‌ನಿಂದಲೇ ಹೋಗಬೇಕು. 8 ಜಿಬಿ ಎಂದು ಬರೆದಿದ್ದರೂ ಆಟಕ್ಕೆ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ.

ಫಾರ್ವರ್ಡ್‌ಗಳ ಪರೀಕ್ಷೆ

ಈಗ ಒಂದೊಂದೇ ಮಾತನ್ನು ತೆಗೆದುಕೊಳ್ಳೋಣ.

“ವರ್ಚುವಲ್ ಮೆಮೊರಿ ಹೆಚ್ಚಿಸಿದರೆ 4 ಜಿಬಿ ರ‍್ಯಾಮ್ 8 ಜಿಬಿ ಆಗುತ್ತದೆ.” ಅರ್ಧ ನಿಜ. ಪೇಜ್ ಫೈಲ್ ದೊಡ್ಡದಾದರೆ ಆಟ ಮುಚ್ಚಿಹೋಗುವುದು ತಪ್ಪಬಹುದು, ವೇಗ ಮಾತ್ರ ಬರುವುದಿಲ್ಲ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾದ ಡಿಡಿಆರ್4-3200 ರ‍್ಯಾಮ್‌ನ ಒಂದು ಪಟ್ಟಿ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸಬಲ್ಲದು. ಸಾಟಾ ಎಸ್‌ಎಸ್‌ಡಿಯ ಗರಿಷ್ಠ ವೇಗ ಸುಮಾರು 550 ಎಂಬಿ. ಹಳೆಯ ಲ್ಯಾಪ್‌ಟಾಪಿನ ಹಾರ್ಡ್‌ ಡಿಸ್ಕ್ ಸುಮಾರು 100 ಎಂಬಿ. ಡಿಸ್ಕನ್ನು ರ‍್ಯಾಮ್‌ನಂತೆ ಬಳಸಿದರೆ ಆಟ ತಡವರಿಸುವುದು ಇದಕ್ಕೇ. ಕೆಲವು ಮೊಬೈಲ್‌ಗಳಲ್ಲಿ ‘8 + 8 ಜಿಬಿ ರ‍್ಯಾಮ್’ ಎಂದು ಬರೆಯುತ್ತಾರಲ್ಲ, ಎರಡನೆಯ 8 ಕೂಡ ಸ್ಟೋರೇಜಿನಿಂದ ಎರವಲು ಪಡೆದದ್ದೇ.

“ಪೇಜ್ ಫೈಲ್ ಆಫ್ ಮಾಡಿದರೆ ಜಾಗವೂ ಉಳಿಯುತ್ತದೆ, ಆಟವೂ ಜೋರಾಗಿ ಓಡುತ್ತದೆ.” ತಪ್ಪು. ಮೇಲೆ ಹೇಳಿದ ಮಿತಿಯೇ ತಗ್ಗುತ್ತದೆ. ಹೆಚ್ಚು ಮಾಡ್ ಹಾಕಿದ ಆಟ ಇನ್ನೂ ಬೇಗ ಬೀಳುತ್ತದೆ. ಅದನ್ನು ವಿಂಡೋಸ್‌ನ ಸುಪರ್ದಿಗೇ ಬಿಡುವುದು ಒಳ್ಳೆಯದು.

“ರ‍್ಯಾಮ್ ಬೂಸ್ಟರ್ ಆ್ಯಪ್ ಹಾಕಿದರೆ ಮೊಬೈಲ್ ಚುರುಕಾಗುತ್ತದೆ.” ತಪ್ಪು. ಆಂಡ್ರಾಯ್ಡ್ ಬೇಕೆಂದೇ ನೀವು ಆಗಾಗ ಬಳಸುವ ಆ್ಯಪ್‌ಗಳನ್ನು ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ, ಮತ್ತೆ ತೆರೆದಾಗ ಬೇಗ ಬರಲಿ ಎಂದು. ಆಟಕ್ಕೆ ಜಾಗ ಬೇಕಾದಾಗ ತಾನೇ ಅವನ್ನು ಮುಚ್ಚುತ್ತದೆ. ಬೂಸ್ಟರ್ ಎಲ್ಲವನ್ನೂ ಬಲವಂತವಾಗಿ ಮುಚ್ಚಿದರೆ ಅವು ಮತ್ತೆ ಮೊದಲಿನಿಂದ ಎದ್ದು ಬರಬೇಕು. ಬ್ಯಾಟರಿ ಖರ್ಚಾಗುವುದೇ ಲಾಭ.

“ರ‍್ಯಾಮ್ ಹೆಚ್ಚು ಹಾಕಿಸಿದರೆ ಯಾವ ಆಟವೂ ನಿಲ್ಲುವುದಿಲ್ಲ.” ಎಲ್ಲ ಆಟಕ್ಕೂ ಅಲ್ಲ. ‘ಜಿಟಿಎ ಸ್ಯಾನ್ ಆಂಡ್ರಿಯಾಸ್’ ಕಂಪ್ಯೂಟರಿಗೆ ಬಂದದ್ದು 2005ರಲ್ಲಿ. ಅದು 32 ಬಿಟ್ ಕಾರ್ಯಕ್ರಮ. 32 ಬಿಟ್‌ನಲ್ಲಿ ಎಣಿಸಬಹುದಾದ ವಿಳಾಸಗಳೇ ಒಟ್ಟು 4 ಜಿಬಿಯಷ್ಟು, ಅದರಲ್ಲೂ ವಿಂಡೋಸ್ ಸಾಮಾನ್ಯವಾಗಿ ಕಾರ್ಯಕ್ರಮಕ್ಕೆ ಕೊಡುವುದು 2 ಜಿಬಿ. ನೀವು 32 ಜಿಬಿ ರ‍್ಯಾಮ್ ಹಾಕಿಸಿದರೂ ಆ ಆಟ 2 ಜಿಬಿ ದಾಟಿ ನೋಡಲಾರದು. ಇಂಥ ಹಳೆಯ ಆಟಗಳಲ್ಲಿ ಮಾಡ್ ಕಡಿಮೆ ಮಾಡುವುದೇ ಮೊದಲ ಮದ್ದು.

“ಸಿಸ್ಟಮ್32 ಫೋಲ್ಡರ್ ಅಳಿಸಿದರೆ ಹಲವು ಜಿಬಿ ಜಾಗ ಸಿಗುತ್ತದೆ.” ಅಪಾಯ! ವಿಂಡೋಸ್‌ನ ಜೀವ ಇರುವುದೇ ಅದರಲ್ಲಿ. ಇದು ತಮಾಷೆಗೆಂದು ಶುರುವಾಗಿ ಎಷ್ಟೋ ಕಂಪ್ಯೂಟರ್‌ಗಳನ್ನು ಹಾಳು ಮಾಡಿದ ಹಳೆಯ ಮೋಸ. ವಿಂಡೋಸ್ ಫೋಲ್ಡರಿನ ಒಳಗೆ ಕೈ ಹಾಕಲೇಬೇಡಿ.

“256 ಜಿಬಿ ಎಂದು ಹೇಳಿ 238 ಕೊಟ್ಟಿದ್ದಾರೆ, ಅಂಗಡಿಯವರ ಮೋಸ.” ತಪ್ಪು. ಡಿಸ್ಕ್ ಮಾಡುವವರು 1 ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1024 × 1024 × 1024 ಬೈಟ್ ಎಂದು ಎಣಿಸುತ್ತದೆ. ಹಾಗಾಗಿ 256 ಜಿಬಿ ಡಿಸ್ಕ್ 238 ಎಂದೂ, 512 ಜಿಬಿ ಡಿಸ್ಕ್ 476 ಎಂದೂ, 1 ಟಿಬಿ ಡಿಸ್ಕ್ 931 ಜಿಬಿ ಎಂದೂ ಕಾಣುತ್ತದೆ. ಇಷ್ಟೇ ವ್ಯತ್ಯಾಸವಾದರೆ ಚಿಂತೆ ಬೇಡ.

2 ಟಿಬಿ ಪೆನ್‌ಡ್ರೈವ್ ಹೇಗೆ ಸುಳ್ಳು ಹೇಳುತ್ತದೆ?

ನಮ್ಮ ಮನೆಯಲ್ಲಿ ಎಡವಿದ್ದು ಇಲ್ಲೇ. ಪ್ರತಿ ಪೆನ್‌ಡ್ರೈವಿನಲ್ಲೂ ಮಾಹಿತಿ ಕೂರುವ ಚಿಪ್ ಒಂದು, ಅದನ್ನು ನೋಡಿಕೊಳ್ಳುವ ನಿಯಂತ್ರಕ ಚಿಪ್ ಇನ್ನೊಂದು. ‘ನನ್ನಲ್ಲಿ ಇಷ್ಟು ಜಾಗವಿದೆ’ ಎಂದು ಕಂಪ್ಯೂಟರಿಗೆ ಹೇಳುವುದು ನಿಯಂತ್ರಕ. ಮೋಸದ ಪೆನ್‌ಡ್ರೈವಿನಲ್ಲಿ ಇರುವುದು 16 ಅಥವಾ 32 ಜಿಬಿ ಚಿಪ್, ಆದರೆ ನಿಯಂತ್ರಕಕ್ಕೆ 2 ಟಿಬಿ ಎಂದು ಹೇಳುವಂತೆ ಕಲಿಸಿರುತ್ತಾರೆ. ಕಂಪ್ಯೂಟರ್ ಅದನ್ನೇ ನಂಬುತ್ತದೆ.

ನಿಜವಾದ ಜಾಗ ಮುಗಿದ ಮೇಲೂ ಪೆನ್‌ಡ್ರೈವ್ ‘ತುಂಬಿದೆ’ ಎನ್ನುವುದಿಲ್ಲ. ಬಂದ ಮಾಹಿತಿಯನ್ನು ಸುಮ್ಮನೆ ಚೆಲ್ಲಿಬಿಡುತ್ತದೆ, ಇಲ್ಲವೇ ಹಳೆಯದರ ಮೇಲೆಯೇ ಬರೆಯುತ್ತದೆ. ಕಡತಗಳ ಹೆಸರು, ಗಾತ್ರದ ಪಟ್ಟಿ ಮಾತ್ರ ಬೇರೆ ಜಾಗದಲ್ಲಿ, ಸಾಮಾನ್ಯವಾಗಿ ಆರಂಭದಲ್ಲೇ ಇರುವುದರಿಂದ ಎಲ್ಲವೂ ಇದ್ದಂತೆ ಕಾಣುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಕ್ಲಾಸಿನಲ್ಲಿ ಹುಡುಗನಿಲ್ಲ.

ಪರೀಕ್ಷೆ ಹೇಗೆ? ‘ಎಚ್2ಟೆಸ್ಟ್‌ಡಬ್ಲ್ಯೂ’ ಎಂಬ ಉಚಿತ ತಂತ್ರಾಂಶ ಪೆನ್‌ಡ್ರೈವಿನ ಖಾಲಿ ಜಾಗವನ್ನೆಲ್ಲ ಮಾಹಿತಿಯಿಂದ ತುಂಬಿ, ಮತ್ತೆ ಓದಿ ಹೋಲಿಸುತ್ತದೆ. ಲಿನಕ್ಸ್ ಬಳಸುವವರಿಗೆ ‘ಎಫ್3’ ಇದೆ. ಹೊಸ ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡ್ ತಂದ ದಿನವೇ, ಏನನ್ನೂ ಹಾಕುವ ಮುಂಚೆ ಪರೀಕ್ಷಿಸಿ. ನಮ್ಮ ಪೆನ್‌ಡ್ರೈವ್ ಪರೀಕ್ಷೆಯಲ್ಲಿ 32 ಜಿಬಿಗೂ ಕಡಿಮೆ ತೋರಿಸಿತು. ಇನ್ನೂ ಸರಳ ಪರೀಕ್ಷೆ ಬೇಕೆ? ಬೆಲೆ ನೋಡಿ. ನಿಜವಾದ 2 ಟಿಬಿ ಡ್ರೈವಿಗೆ ಸಾವಿರಾರು ರೂಪಾಯಿ ಬೀಳುತ್ತದೆ. ಐನೂರಕ್ಕೆ ಕೊಡುತ್ತಾರೆಂದರೆ ಅದರಲ್ಲಿ 2 ಟಿಬಿ ಇಲ್ಲ.

ಒಳ್ಳೆಯ ಪೆನ್‌ಡ್ರೈವ್ ಕೂಡ ಒಮ್ಮೊಮ್ಮೆ ಜಾಗವಿದ್ದರೂ ‘ಕಡತ ತುಂಬ ದೊಡ್ಡದು’ ಎನ್ನುತ್ತದೆ. ಅದು ಮೋಸವಲ್ಲ. ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ 4 ಜಿಬಿಗಿಂತ ದೊಡ್ಡ ಒಂಟಿ ಕಡತ ಕೂರುವುದಿಲ್ಲ. ದೊಡ್ಡ ಮ್ಯಾಪ್ ಮಾಡ್‌ಗಳಲ್ಲಿ ಇದು ಎದುರಾಗುತ್ತದೆ. ಒಳಗಿರುವುದನ್ನು ಬೇರೆಡೆ ತೆಗೆದಿಟ್ಟು, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ.

ಹಾಗಾದರೆ ಸರಿಯಾದ ದಾರಿ ಯಾವುದು?

ಆಟ ನಿಂತರೆ ಗಾಬರಿಯಿಂದ ಏನನ್ನೂ ಅಳಿಸಬೇಡಿ. ಈ ಕ್ರಮದಲ್ಲಿ ಹೋಗಿ.

1. ಮೊದಲು ಯಾವ ಜಾಗದ ಕೊರತೆ ಎಂದು ತಿಳಿಯಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ನೋಡಿ. ‘ಕಮಿಟೆಡ್’ ಎಂಬಲ್ಲಿ ಎರಡು ಸಂಖ್ಯೆಗಳಿರುತ್ತವೆ. ಆಟ ಓಡುವಾಗ ಮೊದಲನೆಯದು ಎರಡನೆಯದರ ಸಮೀಪಕ್ಕೆ ಹೋದರೆ ಮೆಮೊರಿಯ ಮಿತಿ ಮುಟ್ಟುತ್ತಿದೆ ಎಂದರ್ಥ. ಜೊತೆಗೆ ಸಿ ಡ್ರೈವಿನಲ್ಲಿ ಎಷ್ಟು ಖಾಲಿ ಇದೆ ನೋಡಿ. ಒಟ್ಟು ಜಾಗದ 15ರಿಂದ 20 ಶೇಕಡಾ ಖಾಲಿ ಇರಲಿ. 238 ಜಿಬಿ ಡಿಸ್ಕಿಗೆ ಅದು ಸುಮಾರು 36ರಿಂದ 48 ಜಿಬಿ.

2. ಎರಡೂ ಸಾಕಷ್ಟು ಖಾಲಿ ಇದ್ದು ಆಟ ಬೀಳುತ್ತಿದ್ದರೆ ಅದು ಜಾಗದ ತೊಂದರೆಯೇ ಅಲ್ಲ. ಆಟ ಹೊಸ ಆವೃತ್ತಿಗೆ ಹೋಗಿ ಮಾಡ್ ಹಳೆಯದೇ ಉಳಿದಿರಬಹುದು. ಯೂರೋ ಟ್ರಕ್‌ನಲ್ಲಿ ಡಾಕ್ಯುಮೆಂಟ್ಸ್ ಒಳಗಿನ ಆಟದ ಫೋಲ್ಡರಿನಲ್ಲಿ ‘ಗೇಮ್ ಲಾಗ್’ ಎಂಬ ಪಠ್ಯ ಕಡತ ಇರುತ್ತದೆ. ಆಟ ಬಿದ್ದ ಕೂಡಲೇ ಅದನ್ನು ತೆರೆದು ಕೊನೆಯ ಸಾಲುಗಳನ್ನು ನೋಡಿ. ‘ಎರರ್’ ಎಂದು ಬರೆದ ಸಾಲುಗಳಲ್ಲಿ ಎಷ್ಟೋ ಸಲ ತಪ್ಪಿತಸ್ಥ ಮಾಡ್‌ನ ಸುಳಿವು ಸಿಗುತ್ತದೆ.

3. ಮಾಡ್ ಮುಟ್ಟುವ ಮುಂಚೆ ನಿಮ್ಮ ಆಟದ ದಾಖಲೆಯ ಒಂದು ಪ್ರತಿ ತೆಗೆದಿಡಿ. ಅದೇ ಫೋಲ್ಡರಿನಲ್ಲಿ ‘ಪ್ರೊಫೈಲ್ಸ್’ ಎಂಬುದು ಇದೆ. ಮ್ಯಾಪ್ ಮಾಡ್ ತೆಗೆದರೆ, ಆ ಮ್ಯಾಪಿನ ಮೇಲೆ ನಿಂತಿದ್ದ ನಿಮ್ಮ ಬಸ್ಸಿಗೆ ನೆಲವೇ ಇಲ್ಲದಂತಾಗುತ್ತದೆ.

4. ತಪ್ಪಿತಸ್ಥನನ್ನು ಹುಡುಕಲು ಅರ್ಧರ್ಧ ಮಾಡಿ. 64 ಮಾಡ್ ಇದ್ದರೆ 32ನ್ನು ಆಫ್ ಮಾಡಿ ಆಡಿ ನೋಡಿ. ಆಟ ಬೀಳದಿದ್ದರೆ ತೊಂದರೆ ಆಫ್ ಮಾಡಿದ ಅರ್ಧದಲ್ಲಿದೆ, ಬಿದ್ದರೆ ಉಳಿದ ಅರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಒಂದೇ ಮಾಡ್‌ನಿಂದ ತೊಂದರೆಯಾಗಿದ್ದರೆ ಆರೇ ಸುತ್ತಿನಲ್ಲಿ ಅದು ಸಿಗುತ್ತದೆ. ಒಂದಕ್ಕೊಂದು ಅವಲಂಬಿಸಿದ ಮಾಡ್‌ಗಳನ್ನು ಮಾತ್ರ ಒಟ್ಟಿಗೇ ಇಡಿ.

5. ಆಟ ಶುರುವಾದ 5 ನಿಮಿಷಕ್ಕೆ, ಅರ್ಧ ಗಂಟೆಗೆ, ಒಂದು ಗಂಟೆಗೆ ‘ಕಮಿಟೆಡ್’ ಸಂಖ್ಯೆ ಬರೆದುಕೊಳ್ಳಿ. ಒಂದೇ ಕಡೆ ನಿಂತಿದ್ದರೂ ಅದು ಏರುತ್ತಲೇ ಇದ್ದರೆ ಯಾವುದೋ ಮಾಡ್ ಅಥವಾ ಆಟವೇ ಬಳಸಿದ ಜಾಗವನ್ನು ವಾಪಸ್ ಕೊಡುತ್ತಿಲ್ಲ. ಅದಕ್ಕೆ ರ‍್ಯಾಮ್ ಎಷ್ಟು ಸುರಿದರೂ ಸಾಲದು, ಆ ಮಾಡ್ ಬಿಡುವುದೇ ದಾರಿ.

6. ಮೆಮೊರಿಯ ಮಿತಿ ಮುಟ್ಟುತ್ತಿದ್ದರೆ ಆಟದ ಸೆಟ್ಟಿಂಗ್‌ನಲ್ಲಿ ಟೆಕ್ಸ್ಚರ್ ಗುಣಮಟ್ಟ, ಕನ್ನಡಿಯ ಗುಣಮಟ್ಟ ತಗ್ಗಿಸಿ. ಸ್ಕೇಲಿಂಗ್ 400 ಇದ್ದರೆ 100ಕ್ಕೆ ಇಳಿಸಿ. ಹಿಂದೆ ತೆರೆದಿಟ್ಟ ಬ್ರೌಸರ್ ಮುಚ್ಚಿ. ‘ಮೈನ್‌ಕ್ರಾಫ್ಟ್’ನ ಜಾವಾ ಆವೃತ್ತಿಯಲ್ಲಿ ಆಟಕ್ಕೆ ಎಷ್ಟು ಮೆಮೊರಿ ಎಂದು ನೀವೇ ಹೇಳಬಹುದು. ಆದರೆ 8 ಜಿಬಿ ಇದ್ದಾಗ 7 ಜಿಬಿಯನ್ನೂ ಅದಕ್ಕೇ ಬರೆದುಕೊಟ್ಟರೆ ವಿಂಡೋಸ್‌ಗೆ ಉಸಿರಾಡಲು ಜಾಗವಿರುವುದಿಲ್ಲ.

7. ಡಿಸ್ಕ್ ಖಾಲಿ ಮಾಡಬೇಕಾದರೆ ಮತ್ತೆ ಸಿಗುವಂಥದ್ದನ್ನು ಮೊದಲು ತೆಗೆಯಿರಿ. ಡೌನ್‌ಲೋಡ್ಸ್‌ನಲ್ಲಿ ಉಳಿದ ಮಾಡ್ ಜಿಪ್‌ಗಳು, ಆಡದೆ ಬಿಟ್ಟ ಆಟಗಳು, ರೀಸೈಕಲ್ ಬಿನ್. ಸ್ಟೀಮ್ ವರ್ಕ್‌ಶಾಪಿನಿಂದ ಬಂದ ಮಾಡ್ ಆದರೆ ಅಲ್ಲೇ ಅನ್‌ಸಬ್‌ಸ್ಕ್ರೈಬ್ ಮಾಡಿ. ದೊಡ್ಡ ಅಪ್‌ಡೇಟ್ ಬಂದಾಗ ಸ್ಟೀಮ್‌ಗೆ ತಾತ್ಕಾಲಿಕವಾಗಿ ಹೆಚ್ಚುವರಿ ಜಾಗ ಬೇಕಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ವಿಂಡೋಸ್‌ನ ‘ಟೆಂಪರರಿ ಫೈಲ್ಸ್’ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಕೂಡ ಇರುತ್ತದೆ. ಅದರ ಮುಂದೆ ಗುರುತು ಹಾಕಿದರೆ ನಿಮ್ಮ ಅಂಕಪಟ್ಟಿ, ಅರ್ಜಿಗಳೂ ಹೋಗುತ್ತವೆ, ಎಚ್ಚರ.

8. ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವ್‌ಗೆ ಜೋಡಣೆಯಾಗಿದೆಯೇ ನೋಡಿ. ಹಾಗಿದ್ದರೆ ನಿಮ್ಮ ಮಾಡ್‌ಗಳೆಲ್ಲ ಇಂಟರ್‌ನೆಟ್‌ಗೆ ಏರಲು ಹೊರಟು, ಉಚಿತವಾಗಿ ಸಿಗುವ 5 ಜಿಬಿಯನ್ನು ಕ್ಷಣದಲ್ಲಿ ತುಂಬುತ್ತವೆ.

ಮೊಬೈಲಿನಲ್ಲಿ ಬಸ್ಸಿಡ್ ಆಡುವವರಿಗೂ ಇದೇ ನಿಯಮ. ಆಟದ ‘ಮಾಡ್ಸ್’ ಫೋಲ್ಡರಿನಲ್ಲಿ ಓಡಿಸದೆ ಬಿಟ್ಟ ಬಸ್ಸುಗಳನ್ನು ತೆಗೆಯಿರಿ. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’, ಅಲ್ಲಿ ‘ಮ್ಯಾನೇಜ್ ಸ್ಟೋರೇಜ್’ ತೆರೆದರೆ ಯಾವ ಗುಂಪಿನಿಂದ ಎಷ್ಟು ಜಾಗ ಹೋಗಿದೆ ಎಂದು ಕಾಣುತ್ತದೆ. ದಿನವೂ ಬರುವ ‘ಶುಭೋದಯ’ ವಿಡಿಯೋಗಳ ತೂಕ ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ.

ಮಾಡ್ ಎಲ್ಲಿಂದ ತರುತ್ತೀರಿ?

ಯೂರೋ ಟ್ರಕ್‌ನ ಮಾಡ್ ಎಂದರೆ ಎಸ್‌ಸಿಎಸ್ ಅಥವಾ ಜಿಪ್ ಎಂದು ಕೊನೆಯಾಗುವ ಕಡತ. ಅದನ್ನು ‘ಮಾಡ್’ ಫೋಲ್ಡರಿಗೆ ಹಾಕಿ, ಆಟದೊಳಗಿನ ಮಾಡ್ ಮ್ಯಾನೇಜರಿನಲ್ಲಿ ಆನ್ ಮಾಡಿದರೆ ಮುಗಿಯಿತು. ಬಸ್ ಮಾಡ್ ಎಂದು ಹೇಳಿ ‘ಇಎಕ್ಸ್‌ಇ’ ಎಂದು ಕೊನೆಯಾಗುವ ಕಡತ ಕೊಟ್ಟರೆ, ಆಂಟಿವೈರಸ್ ಆಫ್ ಮಾಡಿ ಎಂದು ಕೇಳಿದರೆ ಅದನ್ನು ಮುಟ್ಟಬೇಡಿ. ಒಂದು ಬಣ್ಣದ ಬಸ್ಸಿಗೆ ನಿಮ್ಮ ಆಂಟಿವೈರಸ್ ಏಕೆ ಆಫ್ ಆಗಬೇಕು? ಮೊಬೈಲಿನಲ್ಲೂ ಮಾಡ್ ಹೆಸರಿನಲ್ಲಿ ಬರುವ ಎಪಿಕೆ ಕಡತ ಎಸ್‌ಎಂಎಸ್ ಓದುವ ಅನುಮತಿ ಕೇಳಿದರೆ ಅದರ ಕಣ್ಣು ನಿಮ್ಮ ಒಟಿಪಿಯ ಮೇಲಿದೆ ಎಂದು ತಿಳಿಯಿರಿ. ಹೀಗೆ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಅಳಿಸಿದ್ದು ಮತ್ತೆ ಸಿಗುತ್ತದೆಯೇ?

ರೀಸೈಕಲ್ ಬಿನ್‌ನಲ್ಲಿ ಇನ್ನೂ ಇದ್ದರೆ ಸಿಗುತ್ತದೆ. ಅಲ್ಲೂ ಇಲ್ಲದಿದ್ದರೆ ಡಿಸ್ಕಿನ ಮೇಲೆ ಅವಲಂಬಿತ. ಹಾರ್ಡ್‌ ಡಿಸ್ಕಿನಲ್ಲಿ ಅಳಿಸಿದ ಕಡತದ ಮಾಹಿತಿ, ಅದರ ಮೇಲೆ ಬೇರೆ ಬರೆಯುವವರೆಗೆ ಉಳಿದಿರುತ್ತದೆ. ಹಾಗಾಗಿ ಕೂಡಲೇ ಕಂಪ್ಯೂಟರ್ ಬಳಸುವುದನ್ನು ನಿಲ್ಲಿಸಿ ಗೊತ್ತಿರುವವರ ಬಳಿ ಒಯ್ಯಬೇಕು. ಎಸ್‌ಎಸ್‌ಡಿ ಹಾಗಲ್ಲ. ‘ಟ್ರಿಮ್’ ಎಂಬ ವ್ಯವಸ್ಥೆಯಲ್ಲಿ, ಅಳಿಸಿದ ಜಾಗವನ್ನು ಅದು ತಾನಾಗಿಯೇ ಒರೆಸಿಕೊಳ್ಳುತ್ತದೆ. ಆಮೇಲೆ ಮರಳಿ ಪಡೆಯುವುದು ಹೆಚ್ಚುಕಡಿಮೆ ಅಸಾಧ್ಯ.

ನಮ್ಮ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಎಸ್‌ಎಸ್‌ಡಿ. ಎರಡು ತಿಂಗಳೂ ಆಗಿತ್ತು.

ಕೊನೆಗೆ ದಾವಣಗೆರೆಯಲ್ಲಿರುವ ಅತ್ತೆಯ ಹಳೆಯ ಮೊಬೈಲಿನಲ್ಲಿ, ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಿಂದೆ ಯಾರೋ ಕಳಿಸಿದ್ದ ಅಜ್ಜನ ಒಂದು ಫೋಟೋ ಸಿಕ್ಕಿತು. ವಾಟ್ಸಾಪ್ ಕುಗ್ಗಿಸಿದ್ದರಿಂದ ಸ್ವಲ್ಪ ಮಸುಕು. ಅದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹೂ ಮುಡಿಸಿದೆವು. ಅಜ್ಜ ಹಾಡಿದ್ದನ್ನು ಹಿಡಿದಿಟ್ಟಿದ್ದ ವಿಡಿಯೋ ಮಾತ್ರ ಎಲ್ಲೂ ಸಿಗಲಿಲ್ಲ. ಹುಡುಗ ಈಗಲೂ ಬಸ್ ಓಡಿಸುತ್ತಾನೆ. ಅದರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಮನೆಯ ಫೋಟೋಗಳು ಈಗ ಎರಡು ಬೇರೆ ಬೇರೆ ಡ್ರೈವಿನಲ್ಲಿವೆ. ಒಂದು ಹರಿಹರದಲ್ಲಿ, ಇನ್ನೊಂದು ದಾವಣಗೆರೆಯಲ್ಲಿ ಅತ್ತೆಯ ಬೀರುವಿನಲ್ಲಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ಡಿಸ್ಕ್ ಬೇರೆ, ರ‍್ಯಾಮ್ ಬೇರೆ. ಯಾವುದು ತುಂಬಿದೆ ಎಂದು ನೋಡದೆ ಏನನ್ನೂ ಅಳಿಸಬೇಡಿ.
• ಮತ್ತೆ ಡೌನ್‌ಲೋಡ್ ಮಾಡಬಹುದಾದ್ದನ್ನು ಮೊದಲು ಅಳಿಸಿ. ಮತ್ತೆ ಸಿಗದ್ದನ್ನು ಮುಟ್ಟಬೇಡಿ.
• ಪೇಜ್ ಫೈಲ್, ವಿಂಡೋಸ್ ಫೋಲ್ಡರ್‌ಗಳ ತಂಟೆಗೆ ಹೋಗಬೇಡಿ.
• ರ‍್ಯಾಮ್ ಬೂಸ್ಟರ್ ಆ್ಯಪ್ ರ‍್ಯಾಮ್ ಹೆಚ್ಚಿಸುವುದಿಲ್ಲ.
• ಹೊಸ ಪೆನ್‌ಡ್ರೈವ್ ಪರೀಕ್ಷಿಸದೆ ನಂಬಬೇಡಿ. ಹಾಕಿದ ಫೋಟೋಗಳನ್ನು ತೆರೆದು ನೋಡಿ, ಹೆಸರು ಕಂಡರೆ ಸಾಲದು.
• ಬೇಕಾದ ಫೋಟೋಗೆ ಎರಡು ಕಡೆ ಪ್ರತಿ ಇರಲಿ. ಒಂದೇ ಕಡೆ ಇರುವುದನ್ನು ಬ್ಯಾಕಪ್ ಎನ್ನುವುದಿಲ್ಲ.